ಮನೆಯ ಗಿಡದ ಎಲೆತುದಿಗೆ ಹನಿ ಬಂದದ್ದು

ಲೋಕ ಆಗಷ್ಟೇ ಕುಂಬಾರನ ಚಕ್ರದಿಂದ, ಆ ತಿಗರಿಯಿಂದ, ಇಳಿದಿತ್ತು ಕೂಸೇ. ಇನ್ನೂ ಹಸಿ ಹಸಿ. ಬೆಟ್ಟದ ಮೇಲೆ ಬೆರಳಿಟ್ಟರೆ ಬೆರಳಿನ ಗುರುತು ಮೂಡುತ್ತಿತ್ತು. ನದಿಗಳಿಗೆ ತಮ್ಮ ದಾರಿ ಇನ್ನೂ ಬಾಯಿಪಾಠ ಆಗಿರಲಿಲ್ಲ. ಹೊರಡುತ್ತಿದ್ದವು, ಮರೆಯುತ್ತಿದ್ದವು, ತಿರುಗಿ ಬಂದು ಮತ್ತೆ ಹೊರಡುತ್ತಿದ್ದವು.

ಆಗ ಎಲ್ಲರಿಗೂ ಮಾತು ಬರುತ್ತಿತ್ತು. ಸೂರ್ಯನಿಗೆ ಬರುತ್ತಿತ್ತು, ಗಾಳಿಗೆ ಬರುತ್ತಿತ್ತು, ಹುಳಕ್ಕೂ ಬರುತ್ತಿತ್ತು. ಗಿಡಗಳಿಗೂ ಬರುತ್ತಿತ್ತು. ನಗಬೇಡ, ನಿಜವಾಗಿ ಬರುತ್ತಿತ್ತು. ನಿನ್ನಷ್ಟು ಮಾತಾಡುತ್ತಿರಲಿಲ್ಲ, ಅಷ್ಟೇ.

ಮೂಡಲ ಬಯಲಿನಲ್ಲಿ ಒಂದು ಊರಿತ್ತು. ಅಲ್ಲಿ ದುಂಡಪ್ಪ ಎಂಬ ಕುಂಬಾರ, ಅವನ ಹೆಂಡತಿ ತಿರಕವ್ವ. ಅವರಿಗೆ ಒಬ್ಬಳೇ ಮಗಳು, ನೀಲಿ. ಆ ವರ್ಷ ಜ್ವರ ಬಂದು ನೀಲಿ ತೀರಿಕೊಂಡಳು.

ಲೋಕ ಹೊಸದಾಗಿದ್ದಾಗ ಸಾವೂ ಹೊಸದು. ಅದು ಬಂದಾಗ ಏನು ಮಾಡಬೇಕೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಹಿರಿಯರು ಕೂತು ಒಂದು ಪದ್ಧತಿ ಮಾಡಿದ್ದರು. ಗಡಿಗೆಯಲ್ಲಿ ನೀರು ತುಂಬಿ, ಅದಕ್ಕೆ ತೂತು ಹೊಡೆದು, ಹೆಗಲ ಮೇಲಿಟ್ಟುಕೊಂಡು ಸತ್ತವರ ಸುತ್ತ ನಡೆಯುವುದು. ನೀರು ಸೋರಿ ಹೋಗುವುದನ್ನು ನೋಡುತ್ತಾ, ಜೀವವೂ ಹೀಗೇ ಹೋಯಿತು ಎಂದು ಮನಸ್ಸಿಗೆ ಹೇಳಿಕೊಳ್ಳುವುದು. ಆ ಹೊತ್ತು ಬಿಟ್ಟರೆ ಬೇರೆ ಯಾವ ಹೊತ್ತಿನಲ್ಲೂ ಗಡಿಗೆಗೆ ಯಾರೂ ತೂತು ಮಾಡುವಂತಿರಲಿಲ್ಲ.

ನೀಲಿಯ ಗಡಿಗೆಯನ್ನು ದುಂಡಪ್ಪನೇ ತಟ್ಟಿ ಮಾಡಿದ. ತೂತನ್ನೂ ಅವನೇ ಹೊಡೆದ. ಮಾಡಿಕೊಡಲು ಊರಿಗೆ ಬೇರೆ ಕುಂಬಾರ ಇರಲಿಲ್ಲ.

ಆಮೇಲೆ ಆ ಮನೆಯಲ್ಲಿ ತಿಗರಿಯ ಸದ್ದು ಬಿಟ್ಟು ಬೇರೆ ಸದ್ದಿಲ್ಲ. ಒಂದು ದಿನ ತಿರಕವ್ವ ಎದ್ದು ಗಂಡನಿಗೆ ಹೇಳಿದಳು, "ಈ ಮನ್ಯಾಗ ಉಸಿರಾಡೋದು ಒಂದಾದರೂ ಬೇಕು. ಇಲ್ಲಂದ್ರ ನಾ ಉಳಿಯೂದಿಲ್ಲ."

"ಹೋಗಿ ಬಾ," ಎಂದ ದುಂಡಪ್ಪ. ಎಲ್ಲಿಗೆ ಎಂದು ಕೇಳಲಿಲ್ಲ.

ಅವಳು ಪಡುವಣ ದಿಕ್ಕಿಗೆ ನಡೆದಳು. ಬಯಲು ಮುಗಿಯಿತು, ಗುಡ್ಡ ಬಂತು, ಗುಡ್ಡದ ಆಚೆ ಕಾಡು ಬಂತು. ಆ ಕಾಡಿನಲ್ಲಿ ಬಿಸಿಲು ನೇರವಾಗಿ ನೆಲಕ್ಕೆ ಇಳಿಯುತ್ತಿರಲಿಲ್ಲ. ಮೇಲಿನ ಎಲೆಗಳೆಲ್ಲ ಸೇರಿ ಅದನ್ನು ಜರಡಿ ಹಿಡಿದು, ನುಣ್ಣಗೆ ಮಾಡಿ ಕೆಳಗೆ ಬಿಡುತ್ತಿದ್ದವು. ಗಾಳಿ ಒದ್ದೆ ಬಟ್ಟೆಯ ಹಾಗೆ ಮೈಗೆ ತಾಗುತ್ತಿತ್ತು.

ಅಲ್ಲೊಂದು ಮುದಿ ಮರ. ಅದರ ಬುಡದಲ್ಲಿ, ಇಳಿಜಾರಿನ ಉದ್ದಕ್ಕೂ, ನೆರಳಿನಲ್ಲೇ ಹುಟ್ಟಿ ನೆರಳಿನಲ್ಲೇ ಬೆಳೆಯುವ ಗಿಡಗಳು. ಎಲ್ಲವೂ ಅದರ ಮಕ್ಕಳೇ.

"ಯಾಕ ಬಂದೀಯವ್ವಾ ಇಷ್ಟು ದೂರ?" ಎಂದು ಮರ ಕೇಳಿತು.

"ನನ್ನ ಮಗಳು ಹೋದ್ಲಜ್ಜಿ. ನಿನಗ ಇಷ್ಟು ಮಕ್ಕಳು ಅದಾವು. ಒಂದನ್ನ ನನಗ ಕೊಡು."

"ನನ್ನ ಮಕ್ಕಳು ಬಯಲಾಗ ಹೆಂಗ ಬದುಕ್ಯಾವು?"

"ನಾ ಬದುಕಸ್ತೀನಿ."

ಮರ ತನ್ನ ಬುಡದ ಗಿಡಗಳನ್ನು ಒಂದೊಂದಾಗಿ ನೋಡಿತು. ಕೊಡಲು ಮನಸ್ಸಿಲ್ಲ, ಇಲ್ಲ ಎನ್ನಲು ಬಾಯಿಲ್ಲ. ಹೆತ್ತ ಹೊಟ್ಟೆಯ ಸಂಕಟ ಹೆತ್ತವರಿಗೇ ಗೊತ್ತು. ಕೊನೆಗೆ ಅಂಗೈಯಷ್ಟು ಅಗಲದ ಎಲೆಯ ಒಂದು ಎಳೆಯ ಗಿಡವನ್ನು ಬುಡದ ಮಣ್ಣಿನ ಸಮೇತ ಬಿಟ್ಟುಕೊಟ್ಟಿತು.

"ಬೆಳಕನ್ನ ಸೋಸಿ ಕೊಡು," ಎಂದಿತು ಮರ. "ಗಾಳಿ ಒಣಾ ಆಗಬಾರದು. ಚಳಿ ಆಕೀಗೆ ಗೊತ್ತಿಲ್ಲ, ಬೆಚ್ಚಗ ಇಡು."

"ನೀರು ಎಷ್ಟು ಕೊಡಬೇಕಜ್ಜಿ?"

ಮರಕ್ಕೆ ಈ ಪ್ರಶ್ನೆಯೇ ಅರ್ಥವಾಗಲಿಲ್ಲ. ಅದು ಯಾವತ್ತೂ ನೀರನ್ನು ಅಳೆದಿರಲಿಲ್ಲ. "ನಮ್ಮಲ್ಲಿ ಮಳಿ ಬರತಾನ ಇರತೈತಿ," ಎಂದಿತು. ಬಂದ ಮಳೆ ಇಳಿಜಾರಿನಲ್ಲಿ ಹರಿದು ಹೋಗುತ್ತದೆ ಎಂದು ಹೇಳಲಿಲ್ಲ. ನೀರು ಒಂದೇ ಕಡೆ ನಿಲ್ಲುವುದನ್ನು ಆ ಮರ ನೋಡಿಯೇ ಇರಲಿಲ್ಲ. ನೋಡದ್ದನ್ನು ಹೇಳುವುದಾದರೂ ಹೇಗೆ?

ಆಮೇಲೆ ಅದು ಬಗ್ಗಿ ತನ್ನ ಮಗಳಿಗೆ ಒಂದು ಮಾತು ಹೇಳಿತು. ಹೊಸ ಮನೆಗೆ ಹೋಗುವ ಮಗಳಿಗೆ ಎಲ್ಲ ತಾಯಂದಿರೂ ಹೇಳುವ ಮಾತೇ ಅದು.

"ಹೋದ ಮನ್ಯಾಗ ಕೊಟ್ಟದ್ದನ್ನ ಬ್ಯಾಡ ಅನಬ್ಯಾಡ ಮಗಳ. ಕೈ ಚಾಚಿ ಕೊಟ್ಟವರ ಮನಸ್ಸು ನೋಯತೈತಿ. ಮಾತು ಕೊಡು."

"ಕೊಟ್ಟೆನವ್ವಾ," ಎಂದಿತು ಗಿಡ.

ತಿರಕವ್ವ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ, ಮಡಿಲಲ್ಲಿಟ್ಟುಕೊಂಡು ಊರಿಗೆ ತಂದಳು. ದಾರಿಯುದ್ದಕ್ಕೂ ಮಾತಾಡಿಸುತ್ತಲೇ ಬಂದಳು. ತಂಪವ್ವ ಎಂದು ಹೆಸರಿಟ್ಟಳು. ದುಂಡಪ್ಪ ತಾನು ಸುಟ್ಟ ಗಡಿಗೆಗಳಲ್ಲೇ ಚೆಂದದ್ದನ್ನು ಆರಿಸಿದ. ಬೆರಳಿನಿಂದ ಬಡಿದು ಕೇಳಿದ. ಎಲ್ಲೂ ಬಿರುಕಿಲ್ಲ, ಒಂದು ತೊಟ್ಟೂ ಸೋರುವುದಿಲ್ಲ. ಅದರಲ್ಲಿ ತಂಪವ್ವನನ್ನು ನೆಟ್ಟರು.

ಮೊದಲು ಸೂರ್ಯ ನೋಡಲು ಬಂದ. ಕಿಟಕಿಯಿಂದ ಕೈ ಹಾಕಿ ಎಲೆಯ ತಲೆ ಸವರಿದ. ಸವರಿದ ಜಾಗ ಸುಟ್ಟು ಕಂದು ಬಣ್ಣವಾಯಿತು.

"ಅಯ್ಯೋ ನಿನ್ನ ಕೈಯ್ಯ!" ಎಂದು ತಿರಕವ್ವ ಓಡಿ ಬಂದಳು.

"ಪ್ರೀತಿಲೆ ಮುಟ್ಟಿದೆ ತಂಗಿ," ಎಂದ ಸೂರ್ಯ. ಅವನಿಗೂ ಬೇಜಾರಾಗಿತ್ತು.

"ಪ್ರೀತಿ ಇರಲಿಯಣ್ಣಾ. ದೂರ ನಿಂತು ಮಾಡು."

ದುಂಡಪ್ಪ ಮೂಲೆಯಿಂದ ಇದನ್ನೆಲ್ಲ ನೋಡಿದ. "ಹಸಿ ಗಡಿಗೀನೂ ಹಿಂಗ ಅಲ್ಲೇನು," ಎಂದ. "ಬಿಸಿಲಿಗಿಟ್ರ ಸೀಳತಾವ. ಒಣಾ ಗಾಳಿಗಿಟ್ರ ಸೀಳತಾವ. ಆಕೀನ್ನ ಒಳಗಿನ ಖೋಲಿಗೆ ತಾ."

ಕುಂಬಾರರ ಮನೆಯಲ್ಲಿ ಒಂದು ಕೋಣೆ ಇರುತ್ತದೆ ಕೂಸೇ. ತಟ್ಟಿದ ಹಸಿ ಗಡಿಗೆಗಳು ಅಲ್ಲಿ ಸಾಲಾಗಿ ಕೂತು ನೆರಳಿನಲ್ಲಿ ನಿಧಾನವಾಗಿ ಒಣಗುತ್ತವೆ. ಅವುಗಳ ಮೈಯಿಂದ ಏಳುವ ತೇವ ಕೋಣೆಯಲ್ಲೇ ತಿರುಗುತ್ತಿರುತ್ತದೆ. ತಿರಕವ್ವ ಅಲ್ಲಿಯ ಕಿಟಕಿಗೆ ಒಂದು ಹಳೆಯ ತೆಳು ಸೀರೆ ಕಟ್ಟಿದಳು. ಬೆಳಕು ಸೀರೆಯಲ್ಲಿ ಸೋಸಿ ಒಳಗೆ ಬಂತು. ಬಯಲಿನ ಒಣಗಾಳಿ ಒಮ್ಮೆ ನುಗ್ಗಿ ಬಂದು, "ಈ ಖೋಲ್ಯಾಗ ನನ್ನ ಮೈಯೆಲ್ಲ ಒದ್ದಿ ಆತಲ್ಲ," ಎಂದು ಗೊಣಗುತ್ತಾ ಹೊರಗೆ ಹೋಯಿತು.

ತಂಪವ್ವನಿಗೆ ಅದು ತವರಿನ ಹಾಗೇ ಕಂಡಿತು. ಒಂದು ಹೊಸ ಎಲೆ ಸುರುಳಿ ಬಿಚ್ಚಿತು. ಅವತ್ತು ತಿರಕವ್ವ ನೀಲಿ ಹೋದ ಮೇಲೆ ಮೊದಲ ಸಲ ಹೊಟ್ಟೆ ತುಂಬ ಊಟ ಮಾಡಿದಳು.

ಹೊಸ ಎಲೆಯ ಸುದ್ದಿ ಊರಲ್ಲಿ ಹಬ್ಬಿತು. ಕಷ್ಟ ಬಂದದ್ದು ಅಲ್ಲಿಂದ.

ನಮ್ಮ ಕಡೆ ಮನೆಗೆ ಯಾರೇ ಬಂದರೂ ಮೊದಲು ತಂಬಿಗೆಯಲ್ಲಿ ಕಾಲಿಗೆ ನೀರು ಕೊಡುತ್ತೇವಲ್ಲ? ಈ ಪದ್ಧತಿ ಅಷ್ಟು ಹಳೆಯದು. ಒಬ್ಬರ ಮನೆಗೆ ಬಂದವರು ಊರಿಗೇ ಬಂದವರು ಎಂದು ಆ ಕಾಲದ ಜನ ತಿಳಿದಿದ್ದರು. ಕಾಡಿನಿಂದ ಅಷ್ಟು ದೂರ ಬಂದ ಕೂಸಿಗೆ ಕಾಲಿಗೆ ನೀರು ಕೊಡದೆ ಇರುತ್ತಾರೆಯೇ? ಪಕ್ಕದ ಮನೆಯ ಬಾಳವ್ವ ಒಂದು ತಂಬಿಗೆ ನೀರು ತಂದಳು. ಗಿಡದ ಕಾಲು ಮಣ್ಣಿನೊಳಗೆ. ಹಾಗಾಗಿ ಮಣ್ಣಿಗೇ ಸುರಿದಳು. ಊರಗೌಡ ಭರಮಪ್ಪ ತಂದ. ದನ ಕಾಯುವವರು ತಂದರು, ಬೀಗರ ಊರಿಗೆ ಹೊರಟವರು ತಂದರು, ಬೀಗರ ಊರಿನಿಂದ ಬಂದವರೂ ತಂದರು.

ಅದು ಬರೀ ಪದ್ಧತಿಯಲ್ಲ, ಅದರಲ್ಲಿ ಕರುಳಿತ್ತು. ಮಗಳನ್ನು ಕಳೆದುಕೊಂಡ ತಾಯಿಗೆ ಏನು ಹೇಳಬೇಕೆಂದು ಯಾರಿಗೂ ತಿಳಿಯುತ್ತಿರಲಿಲ್ಲ. ಹೇಳಲಾಗದ್ದನ್ನು ತಂಬಿಗೆಯಲ್ಲಿ ತಂದು ಸುರಿದು ಹೋಗುತ್ತಿದ್ದರು. ತಿರಕವ್ವನೂ ಎದ್ದಾಗೊಮ್ಮೆ, ಕೂತಾಗೊಮ್ಮೆ ನೀರು ಹಾಕುತ್ತಿದ್ದಳು.

ದುಂಡಪ್ಪನ ಗಡಿಗೆ ಒಂದು ತೊಟ್ಟೂ ಸೋರಲಿಲ್ಲ.

ಒಳಗೆ ಮಣ್ಣು ಕೆಸರಾಯಿತು. ಬೇರಿಗೂ ಉಸಿರು ಬೇಕು ಕೂಸೇ. ಮಣ್ಣಿನ ಸಂದಿಯಲ್ಲಿ ಇರುವ ಗಾಳಿಯನ್ನೇ ಅದು ಕುಡಿಯುವುದು. ಸಂದಿಗಳೆಲ್ಲ ನೀರಿನಿಂದ ತುಂಬಿದ ಮೇಲೆ ತಂಪವ್ವನ ಕಾಲುಗಳು ಒಂದೊಂದಾಗಿ ಕೊಳೆಯತೊಡಗಿದವು.

ಕಾಡಿನ ಮಣ್ಣಿನ ಜೊತೆ ಒಂದು ಎರೆಹುಳ ಬಂದಿತ್ತು. ಅದು ಏದುಸಿರು ಬಿಡುತ್ತಾ ಮೇಲೆ ಬಂತು. "ಬ್ಯಾಡ ಅಂತ ಒಂದು ಮಾತು ಹೇಳಬಾರದೇನ ತಂಗಿ?"

"ಅವ್ವಗ ಮಾತು ಕೊಟ್ಟೀನಿ. ಕೊಟ್ಟದ್ದನ್ನ ಬ್ಯಾಡ ಅನ್ನೂದಿಲ್ಲ ಅಂತ."

"ಸಾಯ್ತೀ."

"ಗೊತ್ತೈತಿ."

"ನಿನ್ನ ಮಾತು ನಿನಗಿರಲಿ. ನನಗ ಕಾಲಿಲ್ಲ ಖರೆ, ಆದರೂ ನಾ ಓಡಿ ಹೋಗಾಕಿನ," ಎಂದು ಎರೆಹುಳ ಗಡಿಗೆಯ ಅಂಚು ದಾಟಿ ಹೊರಟುಹೋಯಿತು.

ಎಲೆಗಳು ಹಳದಿಯಾದವು, ಜೋತುಬಿದ್ದವು. ಬಾಡಿದ ಗಿಡವನ್ನು ಕಂಡರೆ ಜನ ಏನು ಮಾಡುತ್ತಾರೆ ಹೇಳು? ನೀರು ಹಾಕುತ್ತಾರೆ.

"ಕೂಸಿಗೆ ನೀರು ಸಾಲವಲ್ದು," ಎಂದು ಬಾಳವ್ವ ಇನ್ನೊಂದು ತಂಬಿಗೆ ಸುರಿದಳು. ಅತಿಯಾದರೆ ಅಮೃತವೂ ವಿಷ ಎನ್ನುವುದನ್ನು ಜನ ಇನ್ನೂ ಕಲಿತಿರಲಿಲ್ಲ. ಈಗ ಕಲಿತಿದ್ದೇವೆ ಎಂದೂ ನನಗೆ ಅನ್ನಿಸುವುದಿಲ್ಲ.

ಎಲೆಗಳು ಉದುರತೊಡಗಿದವು. ತಿರಕವ್ವ ಗಡಿಗೆಯನ್ನು ಎರಡು ಕೈಯಲ್ಲಿ ತಬ್ಬಿ ಕೂತುಬಿಟ್ಟಳು. ಅವಳಿಗೆ ಭಯವಾಗಿತ್ತು. ಇದೂ ಹೋದರೆ ತಾನು ಬದುಕುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು, ದುಂಡಪ್ಪನಿಗೂ ಗೊತ್ತಿತ್ತು. ಅವನು ತಿಗರಿ ನಿಲ್ಲಿಸಿ ಬಂದು ಪಕ್ಕದಲ್ಲಿ ಕೂತ.

ತಂಪವ್ವ ಅವರಿಬ್ಬರ ಮುಖ ನೋಡಿತು. ಸಾಯುವುದಕ್ಕೆ ಅದಕ್ಕೆ ಹೆದರಿಕೆ ಇರಲಿಲ್ಲ. ಕಾಡಿನಲ್ಲಿ ಎಲೆಗಳು ದಿನವೂ ಸಾಯುತ್ತವೆ. ಆದರೆ ಈ ಇಬ್ಬರನ್ನು ಹೀಗೆ ಬಿಟ್ಟು ಹೋಗಲು ಅದಕ್ಕೆ ಮನಸ್ಸು ಬರಲಿಲ್ಲ. ಅದು ಯೋಚಿಸಿತು. ಕೊಟ್ಟದ್ದನ್ನು ಬೇಡ ಅನ್ನಬೇಡ ಎಂದಳು ಅವ್ವ. ತಿರುಗಿ ಕೊಡಬೇಡ ಎನ್ನಲಿಲ್ಲ.

ಇನ್ನೂ ಕೊಳೆಯದೆ ಉಳಿದ ಬೇರುಗಳು ಕೆಲವೇ ಇದ್ದವು. ಅವುಗಳಲ್ಲಿ ಇದ್ದಬದ್ದ ಶಕ್ತಿಯನ್ನೆಲ್ಲ ಕೂಡಿಸಿ ತಂಪವ್ವ ನೀರನ್ನು ಮೇಲಕ್ಕೆ ತಳ್ಳಿತು. ಬೇರಿನಿಂದ ಕಾಂಡಕ್ಕೆ, ಕಾಂಡದಿಂದ ತೊಟ್ಟಿಗೆ, ತೊಟ್ಟಿನಿಂದ ಎಲೆಯ ನರಕ್ಕೆ, ನರದಿಂದ ತುದಿಗೆ. ಬೆಳಗಾಗುವ ಹೊತ್ತಿಗೆ ಉಳಿದ ಎರಡು ಎಲೆಗಳ ತುದಿಯಲ್ಲಿ ಒಂದೊಂದು ಹನಿ ಹೊರಬಂದು ನಿಂತಿತು.

ತಿರಕವ್ವ ಕಣ್ಣು ಬಿಟ್ಟಾಗ ಮೊದಲು ಕಂಡದ್ದು ಆ ಹನಿ.

"ಅಳಾಕತ್ತೀಯೇನ ನನ್ನವ್ವಾ? ನಿಮ್ಮವ್ವನ ನೆನಪಾತೇನ?" ಎಂದು ಸೆರಗಿನಿಂದ ಒರೆಸಿದಳು. ಒರೆಸಿದ ಜಾಗದಲ್ಲಿ ಮತ್ತೊಂದು ಹನಿ ಬಂತು. ಅದನ್ನೂ ಒರೆಸಿದಳು. ಮತ್ತೊಂದು ಬಂತು. ಅವಳಿಗೆ ತಡೆಯಲಾಗಲಿಲ್ಲ. ಬಗ್ಗಿ ಎಲೆಗೆ ಮುತ್ತು ಕೊಟ್ಟಳು. ಹನಿ ತುಟಿಗೆ ಅಂಟಿತು.

ಅಲ್ಲೇ ನಿಂತಳು. ತುಟಿಯನ್ನು ಇನ್ನೊಮ್ಮೆ ಸವರಿಕೊಂಡಳು.

ಕಣ್ಣೀರಿನ ರುಚಿ ಹೇಗಿರುತ್ತದೆ ಎಂದು ಆ ವರ್ಷ ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಇದರಲ್ಲಿ ಉಪ್ಪಿರಲಿಲ್ಲ.

"ನೋಡ್ರೀ," ಎಂದು ಗಂಡನ ಕೈ ಹಿಡಿದು ಎಳೆದಳು. "ಇದು ಅಳೂದಲ್ಲ. ಇದು ನಮ್ಮ ಬಾವಿ ನೀರು. ನಾವು ಹಾಕಿದ್ದನ್ನ ಈಕಿ ತಿರುಗಿ ಕೊಡಾಕತ್ತಾಳ."

ಅವಳು ಮಣ್ಣಿಗೆ ಬೆರಳು ಚುಚ್ಚಿದಳು. ಬೆರಳು ಅಂಬಲಿಯಲ್ಲಿ ಇಳಿದ ಹಾಗೆ ಇಳಿಯಿತು. ಹೊರಗೆ ತೆಗೆದಾಗ ಕೊಳೆತ ವಾಸನೆ ಬಂತು. ಗಡಿಗೆಯನ್ನು ಬಗ್ಗಿಸಿ ನೋಡಿದರು. ಮೇಲಿನ ನೀರು ಸ್ವಲ್ಪ ಚೆಲ್ಲಿತು, ತಳದ ನೀರು ಅಲುಗಲಿಲ್ಲ. ಗಿಡವನ್ನು ಕಿತ್ತು ತೆಗೆಯೋಣವೆಂದರೆ ಇರುವ ನಾಲ್ಕು ಬೇರೂ ಹರಿಯುತ್ತವೆ.

"ತಳದಾಗಿನ ನೀರಿಗೆ ಹೊರಗ ಹೋಗಾಕ ದಾರಿ ಬೇಕು," ಎಂದಳು ತಿರಕವ್ವ. ಆ ದಾರಿ ಯಾವುದು ಎಂದು ಇಬ್ಬರಿಗೂ ಒಟ್ಟಿಗೇ ಹೊಳೆದಿತ್ತು.

ದುಂಡಪ್ಪ ಗಡಿಗೆಯಿಂದ ಹಿಂದೆ ಸರಿದ. "ಒಂದ್ಸಲ ಹೊಡದೀನಿ. ಇನ್ನೊಂದ್ಸಲ ನನ್ನ ಕೈಲಾಗೂದಿಲ್ಲ."

ಅಷ್ಟರಲ್ಲಿ ತಂಬಿಗೆ ಹಿಡಿದುಕೊಂಡು ಬಾಳವ್ವ ಬಂದಳು, ಅವಳ ಹಿಂದೆ ಭರಮಪ್ಪ ಗೌಡ. ವಿಷಯ ಕೇಳಿ ಗೌಡ ಬಾಗಿಲಲ್ಲೇ ಕೈ ಅಡ್ಡ ಹಿಡಿದ.

"ಜೀವ ಇರೂ ಕೂಸಿನ ಗಡಿಗಿಗೆ ತೂತು ಹೊಡೀತೀರೇನ? ಸಾವನ್ನ ಕೈ ಮಾಡಿ ಕರದಂಗಾತಲ್ಲ! ಇದಕ್ಕ ಊರು ಒಪ್ಪೂದಿಲ್ಲ."

"ಊರು ಒಪ್ಪಿದ್ದನ್ನೆಲ್ಲ ನೀಲಿಗೆ ಮಾಡಿದ್ವಿ ಕಾಕಾ," ಎಂದಳು ತಿರಕವ್ವ. "ಒಂದೂ ಬಿಡಲಿಲ್ಲ. ಆಕಿ ಹೋದ ಮ್ಯಾಲ ಮಾಡಿದ್ವಿ. ಈಕಿಗೆ ಈಕಿ ಇದ್ದಾಗನ ಮಾಡೂಣು."

ಗೌಡ ಅಡ್ಡ ಹಿಡಿದ ಕೈ ಮೆಲ್ಲಗೆ ಕೆಳಗಿಳಿಯಿತು.

ತಿರಕವ್ವ ಕಾಲು ಚಾಚಿ ಕೂತಳು. ಮಗುವಿಗೆ ನೀರು ಎರೆಯುವಾಗ ಕಾಲ ಮೇಲೆ ಮಲಗಿಸಿಕೊಳ್ಳುತ್ತಾರಲ್ಲ, ಹಾಗೆ ಗಡಿಗೆಯನ್ನು ಓರೆಯಾಗಿ ಮಲಗಿಸಿಕೊಂಡು, ಗಿಡ ಜಾರದ ಹಾಗೆ ಒಂದು ಕೈಯಲ್ಲಿ ಬುಡ ಹಿಡಿದಳು. ಗಂಡನ ಕಡೆ ನೋಡಿದಳು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರೆ. ಒಂದು ಏಟು ಹೆಚ್ಚಾದರೆ ಗಡಿಗೆ ಚೂರು, ಗಿಡವೂ ಹೋದ ಹಾಗೇ. ಎಷ್ಟು ಒತ್ತಿದರೆ ಮಣ್ಣು ತಾಳುತ್ತದೆ ಎಂದು ಆ ಊರಿನಲ್ಲಿ ಗೊತ್ತಿದ್ದದ್ದು ಒಬ್ಬನಿಗೇ. ದುಂಡಪ್ಪ ಒಂದು ಚೂಪು ಕಲ್ಲು ತಂದು ಕೂತ. ತಳದ ನಡುವೆ ಕಲ್ಲಿಟ್ಟು, ಹೊಡೆಯದೆ, ಮೆಲ್ಲಗೆ ತಿರುವುತ್ತಾ ಹೋದ. ಕೆಂಪು ಪುಡಿ ತಿರಕವ್ವನ ಸೀರೆಯ ಮೇಲೆ ಉದುರಿತು. ಅವನ ಕಣ್ಣಿಂದ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಕಲ್ಲು ಆಚೆ ಹೊಕ್ಕಿತು.

ಕಪ್ಪು ನೀರು ಹೊರಗೆ ಬಂತು. ಊರೆಲ್ಲ ಪ್ರೀತಿಯಿಂದ ತಂದು ಸುರಿದದ್ದು ನಾರುತ್ತಾ ಹರಿದು, ಹೊಸಿಲು ದಾಟಿ ಅಂಗಳಕ್ಕೆ ಹೋಯಿತು. ಸುದ್ದಿ ಕೇಳಿ ಕೂಡಿದ್ದ ಜನ ಆ ನೀರನ್ನೇ ನೋಡುತ್ತಾ ನಿಂತರು. ತೂತಿನ ಗಡಿಗೆಯಿಂದ ನೀರು ಸೋರಿ ಮುಗಿದರೆ ಎಲ್ಲವೂ ಮುಗಿಯಿತು ಎಂದೇ ಅವರು ತಿಳಿದಿದ್ದರು. ಧಾರೆ ಸಣ್ಣದಾಯಿತು, ಹನಿಯಾಯಿತು, ನಿಂತಿತು.

ಒಣಗಾಳಿ ಬಾಗಿಲಲ್ಲೇ ನಿಂತು ನೋಡುತ್ತಿತ್ತು. ಈ ಸಲ ಅದು ನುಗ್ಗಲಿಲ್ಲ. ಮೆಲ್ಲಗೆ ಒಳಗೆ ಬಂದು, ಗಡಿಗೆಯ ತಳಕ್ಕೆ ಬಗ್ಗಿ, ಆ ತೂತಿನಲ್ಲಿ ಉಸಿರು ಊದಿತು. ಮಣ್ಣಿನ ಸಂದಿ ಸಂದಿಗೆ ಗಾಳಿ ಹೋಯಿತು.

ತಂಪವ್ವ ಉಸಿರೆಳೆಯಿತು.

ಒಂದೇ ದಿನಕ್ಕೆ ಹಸಿರಾಗಲಿಲ್ಲ. ಆ ಎರಡು ಎಲೆಗಳಲ್ಲಿ ಒಂದು ಉದುರಿತು. ಊರವರು ಬಂದು, ಸುಮ್ಮನೆ ನೋಡಿ ಹೋಗುತ್ತಿದ್ದರು. ಬರಿಗೈಯಲ್ಲಿ ಬರುವುದು ಅವರಿಗೆ ಬಹಳ ಕಷ್ಟವಾಗುತ್ತಿತ್ತು. ಬಾಳವ್ವನಂತೂ ಖಾಲಿ ತಂಬಿಗೆಯನ್ನಾದರೂ ಹಿಡಿದುಕೊಂಡು ಬರುತ್ತಿದ್ದಳು. ಆಮೇಲೆ ಒಂದು ಬೆಳಿಗ್ಗೆ, ಸೀರೆಯಲ್ಲಿ ಸೋಸಿ ಬಂದ ಬೆಳಕಿನಲ್ಲಿ, ಬುಡದಿಂದ ಒಂದು ಎಳೆ ಸುರುಳಿ ತಲೆ ಎತ್ತಿತ್ತು. ದುಂಡಪ್ಪ ಅದನ್ನು ಕಂಡು, ಹೋಗಿ ತಿಗರಿ ತಿರುಗಿಸಿದ. ಅವತ್ತಿನಿಂದ ಗಿಡಕ್ಕೆಂದು ಮಾಡುವ ಪ್ರತಿ ಕುಂಡಕ್ಕೂ, ಸುಡುವ ಮೊದಲೇ, ತಳದಲ್ಲಿ ಒಂದು ತೂತು ಬಿಟ್ಟ.

ತಿರಕವ್ವ ಗಿಡದ ಮುಂದೆ ಕೂತು ಕೇಳಿದಳು, "ಇನ್ನ ಸಾಕಾದ್ರ ಬಾಯಿ ಬಿಟ್ಟು ಹೇಳ್ತೀ ಹೌದಿಲ್ಲೋ?"

"ನಮ್ಮವ್ವಗ ಕೊಟ್ಟ ಮಾತು ಮುರಿಯೂದಿಲ್ಲ," ಎಂದಿತು ತಂಪವ್ವ. "ನೀ ಬೆಳಿಗ್ಗೆ ಎದ್ದು ನನ್ನ ಎಲಿ ನೋಡವ್ವಾ."

ಅವಳನ್ನು ಅದು ಅವ್ವಾ ಎಂದು ಕರೆದದ್ದು ಅದೇ ಮೊದಲು. ಗಿಡವೊಂದು ಮನುಷ್ಯರ ಹತ್ತಿರ ಆಡಿದ ಕೊನೆಯ ಮಾತೂ ಅದೇ. ಬೇಡ ಎನ್ನಲು ಬಾರದವರಿಗೆ ಬೇರೆ ಮಾತೂ ಮೆಲ್ಲಗೆ ಮರೆತುಹೋಗುತ್ತದೆ ಕೂಸೇ. ತಂಪವ್ವನ ಮಕ್ಕಳು, ಮೊಮ್ಮಕ್ಕಳು ಮನೆ ಮನೆಗೆ ಹೋದರು. ಯಾರೂ ಬಾಯಿ ತೆರೆಯಲಿಲ್ಲ.

ಹಾಗಾಗಿ ಮನೆಯೊಳಗಿನ ಗಿಡವನ್ನು ನಾವೇ ಮುಟ್ಟಿ ಕೇಳಬೇಕು, ಬೆರಳು ಮಣ್ಣಿಗಿಟ್ಟು ಕೇಳಬೇಕು. ಕೇಳದೆ ಪ್ರೀತಿಯಿಂದ ಸುರಿದರೆ, ಮರುದಿನ ಬೆಳಿಗ್ಗೆ ನೀನು ಕಿಟಕಿಯ ಹತ್ತಿರ ಹೋಗಿ ನೋಡು, ಎಲೆಯ ತುದಿಯಲ್ಲಿ ಒಂದು ಹನಿ ನಿಂತಿರುತ್ತದೆ, ನಮ್ಮ ಮನಸ್ಸು ನೋಯಬಾರದೆಂದು ಇವತ್ತಿಗೂ ಗಿಡ ಅಷ್ಟು ಮೆಲ್ಲಗೆ 'ಸಾಕವ್ವಾ' ಎನ್ನುತ್ತಿರುತ್ತದೆ.